ಬುತ್ತಿ ಮನೆಗೆ ವಾಪಸು ಬರಬಾರದು

ಪ್ರವಾಸ ಎಂದರೆ ಊರು ನೋಡಲಿಕ್ಕೆ ಹೋಗುವುದು ಎಂದು ಓದಿದವರು ಹೇಳುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ತಿಳಿದ ಮಟ್ಟಿಗೆ ಪ್ರವಾಸವೆಂದರೆ ಕಟ್ಟಿಕೊಂಡು ಹೋದ ಬುತ್ತಿಯನ್ನು ಮುಗಿಸಿ ಬರುವುದು. ನಡುವೆ ಕೋಟೆಯೋ ದೇವಸ್ಥಾನವೋ ಸಿಕ್ಕಿದರೆ ನೋಡಬಹುದು, ಅಡ್ಡಿಯಿಲ್ಲ. ಬುತ್ತಿಯ ಬಗ್ಗೆ ನನ್ನ ಅತ್ತೆಯದೊಂದು ಶಾಸ್ತ್ರವಿತ್ತು: ಹೊಸ್ತಿಲು ದಾಟಿ ಹೋದ ಬುತ್ತಿ ತಿರುಗಿ ಹೊಸ್ತಿಲು ದಾಟಬಾರದು. ದಾಟಿದರೆ ಪ್ರಯಾಣ ಮುಗಿಯಲಿಲ್ಲ ಎಂದು ಅರ್ಥ, ಹೋದವರು ಮತ್ತೆ ಅದೇ ದಾರಿ ಹಿಡಿಯಬೇಕಾಗುತ್ತದೆ. ಅತ್ತೆಗೆ ತಿಳಿಯದ ವಿಷಯಗಳು ಬಹಳ ಇದ್ದವು, ಸೊಸೆಯ ಹತ್ತಿರ ಹೇಗೆ ಮಾತಾಡಬೇಕು ಎನ್ನುವುದು ಅದರಲ್ಲೊಂದು. ಆದರೂ ಈ ಶಾಸ್ತ್ರ ಮಾತ್ರ ನನ್ನ ತಲೆಯೊಳಗೆ ಕೂತುಬಿಟ್ಟಿತು.

ಕೂರಲು ಕಾರಣವಿದೆ. ನನ್ನ ಯಜಮಾನರು ನಾನೀಗ ಇರುವ ಇದೇ ಅರಬ್ಬಿ ದೇಶದ ಮದೀನತ್ ಜಾಯೆದ್ ಎಂಬ ಊರಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಉಡುಪಿಗೆ ಬರುವುದು, ಮಕ್ಕಳು ಅಪ್ಪನ ಗುರುತು ಹಿಡಿಯುವಷ್ಟರಲ್ಲಿ ಮತ್ತೆ ಹೊರಡುವುದು. ಹೊರಡುವ ಮುಂಚಿನ ದಿನ ನಾನು ಕಳಿತ ಬಾಳೆಹಣ್ಣು ಕಿವುಚಿ, ಮೈದಾಕ್ಕೆ ಹಾಕಿ, ಎಣ್ಣೆಯಲ್ಲಿ ಕರಿದು ಒಂದು ಡಬ್ಬಿ ಬನ್ಸು ಮಾಡಿ ಕಟ್ಟಿಕೊಡುತ್ತಿದ್ದೆ. ತಲುಪಿದ ಮೇಲೆ ಫೋನು ಬಂದರೆ ನನ್ನ ಮೊದಲ ಪ್ರಶ್ನೆ, "ಬನ್ಸು ಮುಗಿಯಿತಾ?" ಅವರದು ಒಂದೇ ಉತ್ತರ, "ಮುಗೀತು ಮಾರಾಯ್ತಿ, ಒಳ್ಳೆದಿತ್ತು." ನನಗೆ ನಂಬಿಕೆ ಇರಲಿಲ್ಲ. ಅಷ್ಟು ಬನ್ಸು ಒಬ್ಬ ಮನುಷ್ಯ ತಿಂದರೆ ವಿಮಾನ ಮೇಲೇಳುವುದು ಕಷ್ಟ. ಮುಂದಿನ ರಜೆಯಲ್ಲಿ ಬಂದಾಗ ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾನು ಪೆಟ್ಟಿಗೆಯ ಮೂಲೆ ಮೂಲೆ ತಡವುತ್ತಿದ್ದೆ, ಎಲ್ಲಾದರೂ ಒಂದು ಚೂರು ಬನ್ಸು ವಾಪಸು ಬಂದಿದೆಯೋ ಎಂದು. ಇಲ್ಲದಿದ್ದರೆ ಈ ಮನುಷ್ಯ ಯಾಕೆ ಪ್ರತಿ ಸಲವೂ ತಿರುಗಿ ಹೋಗಬೇಕು? ಸೆಂಟಿನ ಬಾಟಲಿ ಸಿಗುತ್ತಿತ್ತು, ಹುಲಿಯ ಚಿತ್ರದ ಮುಲಾಮು ಸಿಗುತ್ತಿತ್ತು. ಬನ್ಸು ಸಿಗಲಿಲ್ಲ.

"ಅಲ್ಲಿ ಎಂತ ಉಂಟು?" ಎಂದು ಕೇಳಿದರೆ "ಎಂತ ಉಂಟು, ಮರಳುಂಟು" ಎನ್ನುತ್ತಿದ್ದರು. ಅಷ್ಟು ವರ್ಷ ದುಡಿದ ಊರಿನ ಬಗ್ಗೆ ಅವರು ಹೇಳಿದ್ದು ಅದಿಷ್ಟೇ. ಈಗ ಅವರಿಲ್ಲ. ನಾನು ದುಬೈಯ ಊದ್ ಮೇಥಾದಲ್ಲಿ ಮಗಳು ಶಾಲಿನಿಯ ಮನೆಯಲ್ಲಿದ್ದೇನೆ. ಅಳಿಯ ಪ್ರಸನ್ನ ಮೈಸೂರಿನವನು, ಒಳ್ಳೆಯವನು, ಸ್ವಲ್ಪ ಜಾಸ್ತಿಯೇ ಒಳ್ಳೆಯವನು. ಮೊನ್ನೆ ರಜೆ ಸಿಕ್ಕಾಗ ಅವನೊಂದು ಪ್ಲಾನು ಹಾಕಿದ: ಅಬುಧಾಬಿ ದಾರಿಯ ಹೊಸ ದೇವಸ್ಥಾನ, ಅಲ್ಲಿಂದ ಲಿವಾ ಎಂಬಲ್ಲಿಯ ಮಣ್ಣಿನ ಕೋಟೆ, ರಾತ್ರಿಗೆ ಹೋಟೆಲು, ಮರುದಿನ ವಾಪಸು. ಫೋನಿನಲ್ಲಿ ನಕ್ಷೆ ತೋರಿಸುತ್ತ, "ಮಧ್ಯದಲ್ಲಿ ಮದೀನತ್ ಜಾಯೆದ್ ಸಿಗುತ್ತೆ ಅತ್ತೆ, ಅಲ್ಲಿ ನೋಡೋಕೇನೂ ಇಲ್ಲ, ಹಾಗೇ ಪಾಸ್ ಆಗಿಬಿಡೋಣ" ಎಂದ.

ನನಗೆ ಕೋಟೆಯೂ ಬೇಕಿರಲಿಲ್ಲ, ಹೋಟೆಲೂ ಬೇಕಿರಲಿಲ್ಲ. ಬೇಕಿದ್ದದ್ದು ಆ ನೋಡಲಿಕ್ಕೇನೂ ಇಲ್ಲದ ಊರೇ. ಆದರೆ ಹೇಳಲಿಲ್ಲ. ಮುದುಕಿ ಬಾಯಿಬಿಟ್ಟು ಕೇಳಿದರೆ ಮಕ್ಕಳ ಮುಖದಲ್ಲಿ ಒಂದು ಥರದ ಮರುಕ ಬರುತ್ತದೆ, ಅದು ನನಗೆ ಬೇಡ. ಅದಕ್ಕೆ ಸುಮ್ಮನೆ ಹೋಗಿ ಬಾಳೆಹಣ್ಣು ಕಿವುಚಿದೆ.

ಬೆಳಿಗ್ಗೆ ಕಾರು ಹತ್ತುವಾಗ ಸ್ಟೀಲಿನ ಡಬ್ಬಿ ಕಂಡು ಶಾಲಿನಿ ಹಣೆ ಹಿಡಿದುಕೊಂಡಳು. "ಅಮ್ಮ, ದಾರಿಯುದ್ದಕ್ಕೂ ತಿನ್ನಲಿಕ್ಕೆ ಸಿಗ್ತದೆ. ಇದೆಂತಕ್ಕೆ?"

"ಸಿಗದಿದ್ದರೆ?"

"ಪೆಟ್ರೋಲ್ ಬಂಕಲ್ಲೂ ಸಿಗ್ತದೆ."

"ಬಂಕಿನದ್ದು ಕಾರಿಗೆ."

ಮೊಮ್ಮಗಳು ಅನ್ವಿ ಹಾಡು ಕೇಳುವ ಕಿವಿಯ ಮುಚ್ಚಳ ತೆಗೆದು, "ಅಜ್ಜಿ, ನೋ ಫುಡ್ ಇನ್ ದ ಕಾರ್. ಪಪ್ಪಾಸ್ ರೂಲ್" ಎಂದಳು. ಪಪ್ಪ ಪಾಪ ಸ್ಟೇರಿಂಗಿನಲ್ಲಿ ಕಣ್ಣು ನೆಟ್ಟಿದ್ದ. ನಾನು ನನ್ನ ರೂಲು ಹೇಳಿದೆ: ಡಬ್ಬಿ ಖಾಲಿಯಾಗದೆ ಯಾರೂ ಮನೆ ಸೇರುವಂತಿಲ್ಲ.

ದೇವಸ್ಥಾನ ಚೆನ್ನಾಗಿದೆ. ಕಲ್ಲಿನಲ್ಲಿ ಆನೆ ಕೆತ್ತಿದ್ದನ್ನು ನಾನು ಊರಿನಲ್ಲೂ ಕಂಡಿದ್ದೇನೆ, ಒಂಟೆ ಕೆತ್ತಿದ್ದನ್ನು ಕಂಡದ್ದು ಇಲ್ಲೇ. ಹೊಸ ದೇಶಕ್ಕೆ ಬಂದರೆ ದೇವರೂ ಅಲ್ಲಿನವರ ಹತ್ತಿರ ಸ್ನೇಹ ಮಾಡಿಕೊಳ್ಳಬೇಕಲ್ಲ. ಬಾಗಿಲಲ್ಲಿ ಚೀಲ ನೋಡುವ ಹುಡುಗಿ ಡಬ್ಬಿ ಮುಟ್ಟಿ, "ಮಾತಾಜಿ, ಬಾಹರ್ ಕಾ ಖಾನಾ ಅಂದರ್ ನಹೀಂ" ಎಂದಳು. ಬನ್ಸು ವಾಪಸು ಕಾರಿಗೆ ಹೋಯಿತು. ದರ್ಶನ ಮುಗಿಸಿ ಅಲ್ಲಿಯ ಊಟದ ಹಾಲಿಗೆ ಹೋದರೆ ನನ್ನವರೇ ಮೂವರೂ ಪ್ಲೇಟು ಹಿಡಿದು ಸಾಲಿನಲ್ಲಿ ನಿಂತಿದ್ದಾರೆ. ಅಲ್ಲಿಂದ ಮುಂದೆ ಒಂದು ಕಡೆ ಏಲಕ್ಕಿ ಹಾಕಿದ ಕಡಕ್ ಚಹಾ, ಇನ್ನೊಂದು ಕಡೆ ಖರ್ಜೂರದ ಪಾಕ ಸುರಿದ ಗುಂಡಗಿನ ಕರಿದ ತಿಂಡಿ. ಅಳಿಯ ಅದನ್ನು ಬಹಳ ಹೊಗಳಿದ. ನಾನು ಒಂದು ಬಾಯಿಗೆ ಹಾಕಿದೆ. ನಮ್ಮ ಮುಳ್ಕವೇ, ಅರಬ್ಬಿ ಹೆಸರು ಇಟ್ಟುಕೊಂಡಿದೆ. ರುಚಿ ಇರಲಿಲ್ಲವೆಂದಲ್ಲ. ಆದರೆ ನನ್ನ ಮನೆಮಂದಿ ಒಂದೊಂದು ಮುಳ್ಕ ನುಂಗಿದಾಗಲೂ ನನಗೆ ಒಂದೊಂದು ಬನ್ಸು ಉಳಿದದ್ದೇ ಕಾಣುತ್ತಿತ್ತು.

ಹೋಗುವಾಗ ಮದೀನತ್ ಜಾಯೆದನ್ನು ಅಳಿಯ ಹೇಳಿದ ಹಾಗೇ ಪಾಸ್ ಮಾಡಿಬಿಟ್ಟ. ಲಿವಾದ ಕೋಟೆ ಮಣ್ಣಿನದು, ಬೆಲ್ಲದ ಅಚ್ಚಿನ ಬಣ್ಣ. ಸುತ್ತ ಖರ್ಜೂರದ ತೋಟ, ಅದರಾಚೆ ಮರಳು ಗುಡ್ಡೆಗುಡ್ಡೆಯಾಗಿ ಬಿದ್ದಿದೆ, ಸಮುದ್ರ ಎದ್ದು ನಿಂತು ಒಣಗಿದ ಹಾಗೆ. "ಎಂತ ಉಂಟು, ಮರಳುಂಟು." ಮನುಷ್ಯ ಸುಳ್ಳು ಹೇಳಿರಲಿಲ್ಲ, ಆದರೆ ಪೂರ್ತಿ ಹೇಳಿರಲೂ ಇಲ್ಲ. ಬಿಳಿ ಅಂಗಿಯ ಒಬ್ಬ ಮುದುಕ ಬಾಗಿಲ ಹತ್ತಿರ ನೆರಳಿನಲ್ಲಿ ಕೂತಿದ್ದ. ನಾನು ಡಬ್ಬಿ ತೆರೆದು ಮುಂದೆ ಹಿಡಿದೆ. ಅವನು ಒಂದು ಬನ್ಸು ತೆಗೆದು, ಮುರಿದು, ವಾಸನೆ ನೋಡಿ, ಪೂರ್ತಿ ತಿಂದ. ಇನ್ನೊಂದು ಕೊಡಹೋದರೆ ಎದೆಯ ಮೇಲೆ ಕೈಯಿಟ್ಟು "ಖಲಾಸ್, ಖಲಾಸ್" ಎಂದು ನಕ್ಕ. ಆಮೇಲೆ ಒಳಗೆ ಹೋಗಿ ಎರಡು ಬೊಗಸೆ ಖರ್ಜೂರ ತಂದು ನನ್ನ ಡಬ್ಬಿಗೇ ಸುರಿದ. ಒಂದು ಬನ್ಸು ಖರ್ಚಾಗಿ ಡಬ್ಬಿ ಮೊದಲಿಗಿಂತ ಭಾರವಾಯಿತು. ಅಳಿಯ ಬಿದ್ದು ಬಿದ್ದು ನಕ್ಕ.

ಮರುದಿನ ಬೆಳಿಗ್ಗೆ ಹೋಟೆಲಿನ ತಿಂಡಿಗೆ ಬನ್ಸು ಬಡಿಸಿದೆ. ಶಾಲಿನಿ ಒಂದು ತಿಂದಳು, ತಾಯಿಯ ಮೇಲಿನ ಕನಿಕರದಿಂದ. ಅನ್ವಿ "ಇಟ್ಸ್ ಹಾರ್ಡ್, ಅಜ್ಜಿ" ಎಂದಳು. ಅಳಿಯ ಎರಡು ತಿಂದು, ಹೊಟ್ಟೆ ನೀವಿಕೊಂಡು, "ಮಿಕ್ಕಿದ್ದನ್ನ ಮನೆಗೆ ತಗೊಂಡು ಹೋಗೋಣ ಅತ್ತೆ, ಓವನ್‌ನಲ್ಲಿ ಬಿಸಿ ಮಾಡಿದ್ರಾಯ್ತು" ಎಂದ. ಇದೇ ಮಾತಿಗೆ ಕಾಯುತ್ತಿದ್ದೆ.

"ಬುತ್ತಿ ಮನೆಗೆ ಹೋಗುವಂತಿಲ್ಲ. ಮದೀನತ್ ಜಾಯೆದಿನಲ್ಲಿ ಸಿರಿಲ್ ಇದ್ದಾನೆ, ಅವನಿಗೆ ಕೊಟ್ಟು ಹೋಗುವ" ಎಂದೆ. ಸಿರಿಲ್ ನಮ್ಮ ಕಡೆಯ ಕೊಂಕಣಿಯವನು, ಯಜಮಾನರ ರೂಮಿನಲ್ಲಿ ಇದ್ದವನು, ಈಗ ಅಲ್ಲೇ ಒಂದು ಟೈಲರ್ ಅಂಗಡಿ ನೋಡಿಕೊಳ್ಳುತ್ತಾನೆ. ಕ್ರಿಸ್‌ಮಸ್ಸಿಗೆ ತಪ್ಪದೆ ಫೋನು ಮಾಡುತ್ತಾನೆ. ಅಳಿಯ ನನ್ನ ಮುಖ ನೋಡಿದ, ಶಾಲಿನಿಯ ಮುಖ ನೋಡಿದ. ಮರುಕ ಬರುವ ಮೊದಲೇ ನಾನು ಎದ್ದು ಹೋಗಿ ಕಾರಿನಲ್ಲಿ ಕೂತೆ.

ಅಗಲ ರಸ್ತೆ, ಮಸೀದಿ, ಟಯರು ಅಂಗಡಿ, ಬಿಸಿಲು. ಹಾಗಿದೆ ಆ ಊರು. ಸಿರಿಲ್ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಹೊರಗೆ ಬಂದ. ತಲೆ ಬೋಳಾಗಿದೆ, ಮಾತು ಹಾಗೇ ಇದೆ. ಡಬ್ಬಿ ಕಂಡವನೇ ಮುಚ್ಚಳ ತೆಗೆದು ಮೂಗು ಒಡ್ಡಿದ.

"ಅಕ್ಕ, ಇದು ಅದೇ ಬನ್ಸು. ಅಣ್ಣ ರಜೆ ಮುಗಿಸಿ ಬರುವ ದಿನ ನಾವು ಯಾರೂ ಅನ್ನ ಇಡ್ತಿರಲಿಲ್ಲ ಮಾರ್ರೆ. ಡಬ್ಬಿ ನೆಲದ ಮೇಲಿಟ್ಟು ರೂಮಿನವರೆಲ್ಲ ಸುತ್ತ ಕೂರುವುದು. ಪಕ್ಕದ ರೂಮಿನ ಪಠಾಣ್ ಡ್ರೈವರೂ ಬರ್ತಿದ್ದ."

"ಅವರು ತಿನ್ನಲಿಲ್ವಾ?"

"ಬೇಗ ತಿನ್ನಿ, ಬೇಗ ತಿನ್ನಿ ಅಂತ ಗಡಿಬಿಡಿ ಮಾಡ್ತಿದ್ರು. ಉಳಿದರೆ ನಿಮಗೆ ಫೋನಲ್ಲೇ ಗೊತ್ತಾಗ್ತದಂತೆ. ಅವರದ್ದು ಅಂತ ಒಂದೇ ಒಂದು. ಅದನ್ನೂ ಆ ದಿನ ತಿನ್ನುವುದಿಲ್ಲ. ತಲೆದಿಂಬಿನ ಹತ್ತಿರ ಕಾಗದದಲ್ಲಿ ಸುತ್ತಿ ಇಡೋದು, ಮರುದಿನ ಟ್ಯಾಂಕರಲ್ಲಿ ಕೂತು ಚಹಾಕ್ಕೆ ಅದ್ದಿ ಅದ್ದಿ ತಿನ್ನೋದು. ಅದು ಮುಗಿಯುವವರೆಗೆ ಅಣ್ಣನ ಹತ್ತಿರ ಯಾರೂ ಮಾತಾಡುವಂತಿಲ್ಲ."

ನಾನು ಸೆರಗಿನಿಂದ ಕಣ್ಣಿನ ಧೂಳು ಒರೆಸಿಕೊಂಡು, "ಅಂಗಡಿಯಲ್ಲಿ ಕಸ ಗುಡಿಸುವುದಿಲ್ಲವಾ ನೀನು?" ಎಂದು ಕೇಳಿದೆ. ಅವನು ನಕ್ಕು, ಒಳಗಿದ್ದವರನ್ನೆಲ್ಲ ಕರೆದ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಡಬ್ಬಿ ಇಟ್ಟರು. ಒಬ್ಬ ನೇಪಾಳಿ, ಇಬ್ಬರು ಬಂಗಾಳಿಗಳು, ಪಕ್ಕದ ಅಂಗಡಿಯ ಮಲಯಾಳಿ. ನೋಡುತ್ತಿದ್ದ ಹಾಗೆ ಬನ್ಸು ಇಳಿಯಿತು. ಕೊನೆಯದೊಂದಕ್ಕೆ ಮಲಯಾಳಿ ಕೈ ಚಾಚಿದಾಗ ನಾನು ಮುಂಚೆ ಎತ್ತಿಕೊಂಡು ಕರವಸ್ತ್ರದಲ್ಲಿ ಸುತ್ತಿದೆ. "ದಾರಿಗೆ" ಎಂದೆ.

ಊದ್ ಮೇಥಾ ತಲುಪಿ ಲಿಫ್ಟಿನಲ್ಲಿ ನಿಂತಾಗ ಅಳಿಯ ಸೊಂಟ ಹಿಡಿದುಕೊಂಡು, "ಇನ್ನು ಒಂದು ವರ್ಷ ಆ ಕಡೆ ತಲೆ ಹಾಕಲ್ಲಪ್ಪ" ಎಂದ. ಶಾಲಿನಿ ಬಾಗಿಲ ಬಳಿ ನಿಂತು, "ಡಬ್ಬಿ ಖಾಲಿಯಾ ಅಮ್ಮ? ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ" ಎಂದು ನಗಾಡಿದಳು. ಡಬ್ಬಿ ತೆರೆದು ತೋರಿಸಿದೆ. ಖರ್ಜೂರ ಬಿಟ್ಟರೆ ಏನೂ ಇರಲಿಲ್ಲ, ದಾರಿಯಲ್ಲಿ ಸಿಕ್ಕಿದ್ದು ಒಳಗೆ ಬರಬಹುದು. ಬನ್ಸು ಸುತ್ತಿದ ಕರವಸ್ತ್ರ ನನ್ನ ಸೊಂಟದಲ್ಲಿತ್ತು. ಬಲಗಾಲು ಮುಂದಿಟ್ಟು, ತಿಳಿದೂ ತಿಳಿದೂ, ಹೊಸ್ತಿಲು ದಾಟಿದೆ. ಅತ್ತೆಯ ಶಾಸ್ತ್ರ ನಿಜವೇ ಆಗಿದ್ದರೆ ಅಳಿಯನ ಕಾರು ಮತ್ತೊಮ್ಮೆ ಆ ದಾರಿ ಹಿಡಿಯಲೇಬೇಕು. ಪಾಪ, ಅವನಿಗಿನ್ನೂ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಚಹಾ ಮಾಡಿಕೊಂಡು ಆ ಬನ್ಸನ್ನು ಅದ್ದಿ ತಿನ್ನಲು ಕೂತೆ. ಕಟ್ಟುಹಲ್ಲು ಅಲ್ಲಾಡಿತು. ಇನ್ನೊಮ್ಮೆ ಅದ್ದಿದೆ, ಚಹಾ ಆರಿತು, ಬನ್ಸು ಜಗ್ಗಲಿಲ್ಲ. ಅರ್ಧಕ್ಕೆ ಸೋತು, ಉಳಿದರ್ಧವನ್ನು ಫ್ರಿಜ್ಜಿನಲ್ಲಿ ಉಪ್ಪಿನಕಾಯಿ ಜಾಡಿಯ ಹಿಂದೆ ಇಟ್ಟಿದ್ದೇನೆ. ಇಷ್ಟು ಗಟ್ಟಿ ಬನ್ಸನ್ನು ಅಷ್ಟು ವರ್ಷ ತಿಂದು, ಒಂದು ಸಲವಾದರೂ, "ಮಾರಾಯ್ತಿ, ಸ್ವಲ್ಪ ಜಾಸ್ತಿ ಬಾಳೆಹಣ್ಣು ಹಾಕು" ಎಂದು ಆ ಮನುಷ್ಯ ಹೇಳಬಾರದಿತ್ತೇ.