ಚಿಕ್ಕಮ್ಮನ ಈಸ್ಟ್ರೋಜನ್ ಪಾಠ

ನಮ್ಮ ಚಿಕ್ಕಮ್ಮನಿಗೆ ಆಮ್ಲೆಟ್ ಮಾಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಖಂಡಿತ ಬರುತ್ತದೆ. ಆದರೆ ಮೊಟ್ಟೆ ಒಡೆದ ಕೂಡಲೇ ಅದರ ಬಿಳಿಭಾಗ ಅವಳ ಕಣ್ಣಿಗೆ ಬೀಳುತ್ತದಲ್ಲ, ಅಲ್ಲಿಗೆ ನಮ್ಮ ತಿಂಡಿಯ ಕಥೆ ಮುಗಿದ ಹಾಗೆ! "ಈ ಬಿಳಿ ಎಲ್ಲಿಂದ ಬಂತು ಹೇಳು ನೋಡಣ" ಎನ್ನುತ್ತಾಳೆ. ಕೋಳಿಯಿಂದ ಎಂದರೆ ಸೊನ್ನೆ ಅಂಕ. ಈಸ್ಟ್ರೋಜನ್‌ನಿಂದ ಎನ್ನಬೇಕು. ಅಷ್ಟು ಹೊತ್ತಿಗೆ ಕಾವಲಿ ಕಾದು ಹೊಗೆಯಾಡುತ್ತಿರುತ್ತದೆ.

ಚಿಕ್ಕಮ್ಮ ಚಿಂತಾಮಣಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಅದಕ್ಕೂ ಮೊದಲು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೋಳಿಮರಿಗಳಿಗೆ ಈಸ್ಟ್ರೋಜನ್ ಸೂಜಿ ಚುಚ್ಚಿ, ಅವುಗಳ ಅಂಡನಾಳದಲ್ಲಿ ಏನಾಗುತ್ತದೆಂದು ನೋಡುವುದೇ ಅವಳ ಕೆಲಸ. ದಾರದಷ್ಟು ಸಣ್ಣಗಿದ್ದ ನಾಳ ಕೆಲವೇ ದಿನಗಳಲ್ಲಿ ದಪ್ಪಗಾಗಿ ಮೊಟ್ಟೆಯ ಬಿಳಿಯನ್ನು ತಯಾರಿಸತೊಡಗುವುದನ್ನು ಕಣ್ಣಾರೆ ಕಂಡವಳು. ಆ ವಯಸ್ಸಿನಲ್ಲಿ ಬೇರೆಯವರು ಯಾರ್ಯಾರನ್ನೋ ಪ್ರೀತಿಸುತ್ತಾರೆ, ಇವಳು ಒಂದು ಹಾರ್ಮೋನನ್ನು ಪ್ರೀತಿಸಿದಳು. ಅಷ್ಟರಲ್ಲಿ ಅವಳ ಅಕ್ಕ, ಅಂದರೆ ನನ್ನ ಅಮ್ಮ, ನನ್ನನ್ನು ಹೆತ್ತು ತೀರಿಕೊಂಡಳು. ಚಿಕ್ಕಮ್ಮ ನನ್ನನ್ನು ಸಾಕಲು ಸಂಶೋಧನೆ ಬಿಟ್ಟು ಊರಿಗೆ ಬಂದಳು. ಮದುವೆಯ ಮಾತು ಎತ್ತಿದವರಿಗೂ ಪಾಠವೇ ಸಿಕ್ಕಿತು.

ಪಾಠ ಏನೆಂದು ನೀವೂ ಕೇಳಿಬಿಡಿ, ನಾನೊಬ್ಬಳೇ ಯಾಕೆ ಅನುಭವಿಸಬೇಕು? ಜೀವಕೋಶದೊಳಗೆ ಒಂದು ಕೋಣೆ. ಕೋಣೆಯಲ್ಲಿ ಡಿಎನ್‌ಎ ಎಂಬ ಅಡುಗೆ ಪುಸ್ತಕ. ಪುಸ್ತಕ ಹೊರಗೆ ಬರುವಂತಿಲ್ಲ. ಈಸ್ಟ್ರೋಜನ್ ಬಾಗಿಲು ಬಡಿಯದೆ ಒಳಗೆ ನುಗ್ಗಿ, ತನಗಾಗಿಯೇ ಕಾದು ಕುಳಿತ ರಿಸೆಪ್ಟರ್ ಎಂಬ ಪ್ರೋಟೀನಿನ ಜೊತೆ ಸೇರಿ, ಬೇಕಾದ ಪುಟವನ್ನು ತೆರೆಸುತ್ತದೆ. ಆ ಪುಟವನ್ನು ನೋಡಿ ಬರೆದುಕೊಂಡ ಚೀಟಿಯೇ ಆರ್‌ಎನ್‌ಎ. ಚೀಟಿ ಆಚೆಯ ಅಡುಗೆಮನೆಗೆ ಹೋದರೆ ಪ್ರೋಟೀನು ತಯಾರು. ಕೋಳಿಯ ನಾಳವಿರಲಿ, ಹೆಂಗಸಿನ ಗರ್ಭಕೋಶವಿರಲಿ, ಅಪ್ಪಣೆ ಕೊಡುವುದು ಈಸ್ಟ್ರೋಜನ್, ಬರೆಯುವುದು ಒಳಗಿನ ಗುಮಾಸ್ತರು.

ಚಿಂತಾಮಣಿ ಮಾರ್ಕೆಟ್ಟಿನ ಮೊಟ್ಟೆ ಅಂಗಡಿಯವನಿಗೂ ಇದನ್ನು ಹೇಳಿದಳು. ಅವನು ಕೈಮುಗಿದು, "ಮೇಡಂ, ನಾವು ಮೇವು ಹಾಕ್ತೀವಿ, ಅದು ಮೊಟ್ಟೆ ಇಕ್ಕುತ್ತೆ. ಬರೆಯೋದು ಗಿರೆಯೋದು ಎಲ್ಲ ನಮ್ಮ ಕೋಳಿಗೆ ಬರಲ್ಲ" ಎಂದ. ಚಿಕ್ಕಮ್ಮ ಬಿಡಬೇಕಲ್ಲ? ಅಲ್ಲೇ ಟ್ರೇ ಪಕ್ಕಕ್ಕೆ ಸರಿಸಿ, ಪೂರ್ತಿ ವಿವರಿಸಿದಳು. ಹಿಂದೆ ನಿಂತಿದ್ದ ಗಿರಾಕಿಗಳೂ ಕೇಳಿದರು. ಮುಂದಿನ ವಾರ ನಾನು ಹೋದಾಗ ಅವನು ಯಾರಿಗೋ, "ತಗೊಳ್ಳಣ್ಣ, ಇದು ಆರ್‌ಎನ್‌ಎ ಇರೋ ಮೊಟ್ಟೆ, ರೇಟು ಸ್ವಲ್ಪ ಜಾಸ್ತಿ" ಎನ್ನುತ್ತಿದ್ದ!

ಇನ್ನೊಮ್ಮೆ ಮಂಚೇನಹಳ್ಳಿಯ ನೆಂಟರ ಮನೆಯಲ್ಲಿ ಹುಡುಗಿ ದೊಡ್ಡವಳಾದಳೆಂದು ಆರತಿಗೆ ಕರೆದಿದ್ದರು. ಪದ್ಧತಿಯಂತೆ ಮಗುವನ್ನು ಸೋಗೆಯ ಗುಡ್ಲಿನೊಳಗೆ ಬೇರೆಯಾಗಿ ಕೂರಿಸಿದ್ದರು. ಅದು ಹೆದರಿ ಅಳುತ್ತಿತ್ತು. ಮೈಲಿಗೆ, ಮುಟ್ಟಬಾರದು ಎಂದು ನಾಲ್ಕು ಜನ ಹೇಳುತ್ತಿರುವಂತೆಯೇ ಚಿಕ್ಕಮ್ಮ ರೇಷ್ಮೆ ಸೀರೆ ಎತ್ತಿಕಟ್ಟಿ ಗುಡ್ಲಿನೊಳಗೆ ತೂರಿಕೊಂಡಳು. "ಏನೂ ಆಗಿಲ್ಲ ಕಣಮ್ಮ. ನಿನ್ನೊಳಗೆ ಒಂದು ಪುಸ್ತಕ ತೆರೆದಿದೆ ಅಷ್ಟೇ" ಎಂದು ಶುರುಮಾಡಿದಳು. ಅಳು ನಿಂತಿತು. ಸ್ವಲ್ಪ ಹೊತ್ತಿಗೆ ಹುಡುಗಿಯ ಅಜ್ಜಿಯೂ ಒಳಗೆ ಇಣುಕಿ, "ನಮ್ ಕಾಲದಾಗೂ ಹಿಂಗೇ ಬರೀತಿತ್ತಾ?" ಎಂದು ಕೇಳಿದರು. "ನೀವು ಹೆತ್ತಿದ್ದು ಒಂಬತ್ತಲ್ವಾ ಅಜ್ಜಿ? ನಿಮ್ಮ ಗುಮಾಸ್ತರಿಗೆ ಕೈ ನೋವೇ ಬಂದಿರುತ್ತೆ" ಎಂದಳು ಚಿಕ್ಕಮ್ಮ. ಗುಡ್ಲು ಅಲುಗಾಡುವಷ್ಟು ನಕ್ಕರು. ಅಷ್ಟು ದೊಡ್ಡ ವಿಷಯವನ್ನು ಅಷ್ಟು ಚಿಕ್ಕ ಮಗುವಿನ ಭಯ ಹೋಗುವಂತೆ ಹೇಳಬಲ್ಲವರನ್ನು ನಾನು ಬೇರೆ ಕಂಡಿಲ್ಲ.

ಹೋದ ವರ್ಷ ಚಿಕ್ಕಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಚಿಕ್ಕಬಳ್ಳಾಪುರದಲ್ಲಿ ಆಪರೇಷನ್ ಆಯಿತು. ಗಂಟು ಈಸ್ಟ್ರೋಜನ್ ತಿಂದೇ ಬೆಳೆಯುವ ಜಾತಿಯದು, ಮುಟ್ಟು ನಿಂತ ಮೇಲೂ ಮೈಯಲ್ಲಿ ಅದು ಸ್ವಲ್ಪ ಉಳಿದಿರುತ್ತದೆ, ಇನ್ನು ಕೆಲವು ವರ್ಷ ದಿನಾ ಒಂದು ಮಾತ್ರೆ ನುಂಗಲೇಬೇಕು, ಇಲ್ಲದಿದ್ದರೆ ಮರಳಿ ಬರಬಹುದು ಎಂದರು ಡಾಕ್ಟರು. ಆ ಮಾತ್ರೆ ರಿಸೆಪ್ಟರಿನಲ್ಲಿ ಈಸ್ಟ್ರೋಜನ್ ಕೂರುವ ಜಾಗಕ್ಕೆ ತಾನೇ ಹೋಗಿ ಕೂತು ಅದನ್ನು ಕೂರಗೊಡದು. ಚಿಕ್ಕಮ್ಮ ಡಾಕ್ಟರಿಗೇ ಇದನ್ನು ಇನ್ನೊಂದು ಸಲ ಬಿಡಿಸಿ ಹೇಳಿ, ಅವರ ಕೈಯಲ್ಲಿ ಭೇಷ್ ಅನ್ನಿಸಿಕೊಂಡು ಬಂದಳು.

ತಿಂಗಳ ಮೇಲೆ ನೋಡಿದರೆ ಮಾತ್ರೆಗಳೆಲ್ಲ ಹಾಗೇ ಇವೆ. ಪೊಟ್ಟಣವನ್ನು ಅವಳ ಮುಂದೆ ಹಿಡಿದೆ.

"ಯಾಕೆ ತಗೊಂಡಿಲ್ಲ ಚಿಕ್ಕಮ್ಮ?"

"ಮರಿಗಳಿಗೆ ಸೂಜಿ ನಿಲ್ಸಿದ್ಮೇಲೆ ಏನಾಯ್ತು ಅಂತ ನಿಂಗೆ ಯಾವತ್ತೂ ಹೇಳಿಲ್ಲ. ಬರಿಯೋದು ನಿಂತೋಯ್ತು. ನಾಳ ಮತ್ತೆ ದಾರದಂಗೆ ಸುರುಟ್ಕೊಂತು. ನಾನೇ ಕುಯ್ದು ನೋಡಿದೀನಿ ಕಣೇ."

"ನೀನೇನು ಕೋಳಿಮರಿನಾ? ಇಷ್ಟು ವಯಸ್ಸಾದ್ಮೇಲೆ ಇನ್ನೇನು ಬರೆಸ್ಬೇಕಿತ್ತು?"

ಅವಳು ಕಿಟಕಿಯ ಕಡೆ ತಿರುಗಿದಳು. "ಪಾಪ, ಈ ಈಸ್ಟ್ರೋಜನ್ನು ತಿಂಗಳು ತಿಂಗಳು ನನ್ನೊಳಗೆ ಎಲ್ಲ ಸಿದ್ಧ ಮಾಡಿಟ್ಟು ಕಾಯ್ತಿತ್ತು. ಯಾರೂ ಬರ್ಲಿಲ್ಲ. ಈಗ ಕೊನೇಲಿ ಅದರ ಮುಖದ ಮೇಲೆ ಬಾಗ್ಲು ಹಾಕೋಕೆ ಮನಸ್ಸು ಬರ್ತಿಲ್ಲ."

ನನಗೆ ಸಿಟ್ಟು ಬಂತು, ಅಳುವೂ ಬಂತು. "ಯಾರೂ ಬರ್ಲಿಲ್ಲ ಅಂತೀಯಲ್ಲ, ನಾನು ಬರ್ಲಿಲ್ವಾ?" ಎಂದೆ.

ಚಿಕ್ಕಮ್ಮ ನನ್ನನ್ನೇ ನೋಡಿದಳು. ಆಮೇಲೆ ಕೈ ಚಾಚಿ, "ನೀರು ತಗೊಂಬಾ" ಎಂದಳು. ಮಾತ್ರೆ ನುಂಗಿದವಳೇ ನನ್ನ ತಲೆಯನ್ನು ಎದೆಗೆ ಎಳೆದುಕೊಂಡಳು. ಆಪರೇಷನ್ ಆದ ಬದಿ, ನೋಯುತ್ತದೇನೋ ಎಂದು ನಾನು ಸರಿಯಲು ಹೋದರೆ ಬಿಡಲಿಲ್ಲ.

"ಇರು" ಎಂದಳು, "ಇರು ಮಗಳೇ."