ಕ್ಯಾನ್ಸರ್ ಕಣಗಳಿಗೂ ಉಪವಾಸ

ರಾಯರ ದಯೆ, ಲ್ಯಾಬು ಸೇರಿದ ಮೇಲೆ ನಗು ಬರುವ ಪ್ರಸಂಗವಿಲ್ಲದೆ ಒಂದು ತಿಂಗಳೂ ಕಳೆದಿಲ್ಲ. ಕ್ಯಾನ್ಸರ್ ಕಣಗಳು ಏನು ತಿಂದು ಅಷ್ಟು ಬೇಗ ಬೆಳೆಯುತ್ತವೆ ಎಂದು ನೋಡುವುದು ನನ್ನ ಕೆಲಸ. ಭಗವಂತ ಅಷ್ಟು ಸಣ್ಣ ಕಣದೊಳಗೆ ಎಷ್ಟು ದೊಡ್ಡ ಅಡುಗೆಮನೆ ಇಟ್ಟಿದ್ದಾನಲ್ಲ ಎಂಬ ಆಶ್ಚರ್ಯ ನನಗಿನ್ನೂ ತೀರಿಲ್ಲ.

೧. ಆಟೋದಲ್ಲಿ

ಜಯನಗರದಲ್ಲಿ ಹತ್ತಿದ ಆಟೋದ ಡ್ರೈವರು ಕೇಳಿದರು, “ಏನ್ ಕೆಲಸ ಮೇಡಂ?”

“ಕ್ಯಾನ್ಸರ್ ಕಣ ಬೆಳೆಸ್ತೀನಿ.”

“ಬೆಳೆಸ್ತೀರಾ? ಇರೋದು ಸಾಲ್ದಾ?”

“ಏನ್ ತಿಂತವೆ ಅಂತ ಗೊತ್ತಾದ್ರೆ ತಾನೆ ಊಟ ನಿಲ್ಲಿಸೋಕಾಗೋದು? ಮಾಮೂಲಿ ಕಣಕ್ಕಿಂತ ಜಾಸ್ತಿ ಸಕ್ಕರೆ ಎಳ್ಕೋತವೆ. ಪೂರ್ತಿ ಉಪಯೋಗಿಸೋದೂ ಇಲ್ಲ, ಅರ್ಧಕ್ಕೇ ಬಿಟ್ಟು ಮತ್ತೆ ಬೇಕು ಅಂತವೆ.”

ಸಿಗ್ನಲ್ ಬಿಡುವವರೆಗೂ ಯೋಚಿಸಿ ಅವರೆಂದರು, “ಬಫೆಗೆ ಬಂದೋರ ಥರ ಅನ್ನಿ.”

೨. ಅತ್ತೆಯ ಅನುಮಾನ

“ಆ ಕಣಗಳು ಯಾರದ್ದೇ?” ಎಂದರು ಅತ್ತೆ.

“ಯಾರೋ ರೋಗಿಯದು ಅತ್ತೆ. ಅವರು ತೀರಿಹೋಗಿ ಎಷ್ಟೋ ವರ್ಷ ಆಯ್ತು. ಕಣ ಮಾತ್ರ ಇನ್ನೂ ಬೆಳೀತಾನೇ ಇವೆ.”

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ಹಾಗಾದ್ರೆ ಅವರ ಶ್ರಾದ್ಧ ಮಾಡ್ಬೇಕೋ, ಬೇಡ್ವೋ?”

ಪುರೋಹಿತರಿಗೇ ಫೋನ್ ಮಾಡಿ ಕೇಳಿದೆ. ಯೋಚಿಸಿ ಹೇಳ್ತೀನಿ ಎಂದು ಇಟ್ಟವರು ಇನ್ನೂ ಯೋಚಿಸುತ್ತಿದ್ದಾರೆ.

೩. ತಾಳೆಯಾಗದ ಪ್ರಯೋಗ

ಬೇಗೂರಿನಿಂದ ಬರುವ ನನ್ನ ವಿದ್ಯಾರ್ಥಿನಿಯ ಪಿಎಚ್‌ಡಿ ನಿಂತಿದ್ದೇ ಒಂದು ಪ್ರಯೋಗದ ಮೇಲೆ. ಕಣಗಳಿಗೆ ಒಂದು ದಿನ ಸಕ್ಕರೆ ತಪ್ಪಿಸಿ, ಆಮೇಲೆ ಕೊಟ್ಟಾಗ ಎಷ್ಟು ಬೇಗ ನುಂಗುತ್ತವೆ ಎಂದು ಅಳೆಯಬೇಕು. ಮೂರು ಸಲ ಮಾಡಿದೆವು, ಒಂದಕ್ಕೊಂದು ತಾಳೆಯಾಗಲಿಲ್ಲ. ಹೀಗೇ ಆದರೆ ಅವಳ ಐದು ವರ್ಷದ ದುಡಿಮೆ ನೀರುಪಾಲು. ನಾನು ರಾಯರಿಗೆ ಹರಕೆ ಹೊತ್ತೆ. ಅವಳು ನೋಟ್‌ಬುಕ್ ತಿರುವಿದಳು.

“ಮೇಡಂ, ಸಕ್ಕರೆ ತಪ್ಪಿಸಿದ್ದು ನಾನು, ಮೂರು ಸಲಾನೂ ಬೆಳಿಗ್ಗೆ ಎಂಟಕ್ಕೆ. ಮಾರನೇ ದಿನ ವಾಪಸ್ ಕೊಟ್ಟಿದ್ದು ನೀವು. ಒಂದ್ಸಲ ಏಳಕ್ಕೆ, ಒಂದ್ಸಲ ಎಂಟೂವರೆಗೆ, ಒಂದ್ಸಲ ಹತ್ತಕ್ಕೆ. ಯಾಕೆ?”

ಆಗ ಹೊಳೆಯಿತು. ಒಳ್ಳೆಯ ದಿನವೆಂದು ಮೂರು ಸಲವೂ ಏಕಾದಶಿಯಂದೇ ಶುರು ಮಾಡಿಸಿದ್ದೆ. ಅಂದು ನನಗೂ ಉಪವಾಸ. ಮರುದಿನ ಉಪವಾಸ ಬಿಡುವ ಪಾರಣೆಯ ಹೊತ್ತು ಪಂಚಾಂಗದಲ್ಲಿ ಒಂದೊಂದು ದ್ವಾದಶಿಗೆ ಒಂದೊಂದು. ಪಾರಣೆ ಮುಗಿಸಿದವಳೇ ಲ್ಯಾಬಿಗೆ ಓಡಿ ಸಕ್ಕರೆ ಹಾಕಿದ್ದೆ.

“ಅವನ್ನ ಉಪವಾಸ ಕೂರಿಸಿ ನಾನೊಬ್ಬಳೇ ಉಣ್ಣೋಕೆ ಮನಸ್ಸು ಬರ್ಲಿಲ್ಲ ಕಣಮ್ಮ.”

“ಮೇಡಂ, ಅವು ಕ್ಯಾನ್ಸರ್ ಮೇಡಂ.”

೪. ಕೊನೆಯ ಪರೀಕ್ಷೆ

ಮತ್ತೆ ಮೂರು ಸಲ ಗಡಿಯಾರ ನೋಡಿಕೊಂಡು ಅವಳೇ ಮಾಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಪ್ರಾಮಾಣಿಕ ಹುಡುಗಿ, ಹಳೆಯ ಮೂರನ್ನೂ ಪ್ರಬಂಧದಲ್ಲಿ ಸೇರಿಸಿಬಿಟ್ಟಳು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯ ಪ್ರೊಫೆಸರು ಬೆರಳಿಟ್ಟಿದ್ದೇ ಅಲ್ಲಿ.

“ಈ ಮೂರರಲ್ಲಿ ಅವಧಿ ಯಾಕಮ್ಮ ಬೇರೆ ಬೇರೆ?”

ಹುಡುಗಿ ನನ್ನ ಮುಖ ನೋಡಿದಳು. ನಾನು ಕಣ್ಣು ಮುಚ್ಚಿ ರಾಯರನ್ನು ನೆನೆದೆ.

“ಸಾರ್, ಏಕಾದಶಿ. ಮೇಡಂದು ಪಾರಣೆ ಆದ್ಮೇಲೇ ಕಣಗಳಿಗೂ ಊಟ ಆಗಿದೆ.”

ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ ಕೇಳಿದರು:

“ಸ್ಮಾರ್ತ ಏಕಾದಶಿನೋ, ವೈಷ್ಣವ ಏಕಾದಶಿನೋ?”

“ವೈಷ್ಣವ, ಸಾರ್.”

“ಹಾಗಾದ್ರೆ ಸರಿಯಾಗಿದೆ,” ಎಂದು ಸಹಿ ಹಾಕಿದರು.