ಬದರಿಗೆ ಹೊರಟ ಬಂಡೂರು ಕುರಿ

"ಹಿಮಾಲಯಕ್ಕೆ ಹೋಗೋದಕ್ಕೆ ದುಡ್ಡು ಬೇಕಿಲ್ಲ ಕನಕಾ, ತಲೆ ಬೇಕು, ತಲೆ!"

ಮದ್ದೂರಿನ ಕಚೇರಿ ಗುಮಾಸ್ತ ಪಾರ್ಥಸಾರಥಿ ಊಟದೆಲೆಯ ಮುಂದೆ ಕೂತು, ಬಲಗೈ ಅನ್ನದಲ್ಲೂ ಎಡಗೈ ಆಕಾಶದಲ್ಲೂ ಇಟ್ಟುಕೊಂಡು ಹೀಗೆ ಘೋಷಿಸಿದ. ಸಾರಿನ ಸೌಟು ಹಿಡಿದು ನಿಂತಿದ್ದ ಹೆಂಡತಿ ಕನಕಲಕ್ಷ್ಮಿ ಕೇಳಿದಳು:

"ಎರಡರಲ್ಲಿ ನಮ್ಮನೇಲಿ ಯಾವುದಿದೆ?"

ಕನಕಳ ಅಣ್ಣ ರಾಮಾನುಜ ಮಂಡ್ಯದಲ್ಲಿ ಮೇಷ್ಟರು. ಮಂಡ್ಯದಲ್ಲಿ ಆಗ ಹೊಸದಾಗಿ ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಬಿಡಲು ಶುರುಮಾಡಿದ್ದ ಕಾಲ. ಊರಿಗೆ ಊರೇ ಸಿಹಿಯಾಗಿದ್ದಾಗ ಮೇಷ್ಟರಿಗೂ ಪುಣ್ಯದ ಆಸೆ ಹುಟ್ಟಿತು. ವೈಶಾಖದಲ್ಲಿ ಹೆಂಡತಿಯನ್ನೂ ಮುದುಕಿ ಅತ್ತೆಯನ್ನೂ ಕರೆದುಕೊಂಡು ಬದರೀನಾರಾಯಣನ ದರ್ಶನಕ್ಕೆ ಹೊರಡುವುದೆಂದು ನಿಶ್ಚಯಿಸಿ, "ನೀವಿಬ್ಬರೂ ಬನ್ನಿ" ಎಂದು ತಂಗಿ, ಭಾವಮೈದುನರನ್ನೂ ಕರೆದ. ಮದುವೆಯಾದಾಗಿನಿಂದ ಮೇಲುಕೋಟೆಯ ಬೆಟ್ಟಕ್ಕಿಂತ ದೊಡ್ಡ ಬೆಟ್ಟ ಕಾಣದ ಕನಕಳಿಗೆ ಅವತ್ತಿನಿಂದ ನಿದ್ದೆಯಲ್ಲೂ ಹಿಮವೇ. ಆದರೆ ರಾಮಾನುಜ ಒಂದು ಮಾತು ಸೇರಿಸಿದ್ದ: "ಅಲ್ಲಿ ಚಳಿ ಅಂದ್ರೆ ಎಲುಬು ಕೊರೆಯುತ್ತೆ. ಒಬ್ಬೊಬ್ಬರಿಗೂ ಕಂಬಳಿ, ಉಣ್ಣೆ ಕೋಟು, ಉಣ್ಣೆ ಟೋಪಿ ಬೇಕು. ಬೆಂಗಳೂರಲ್ಲಿ ಸಿಗುತ್ತೆ."

ಬೆಂಗಳೂರಿನ ಬೆಲೆ ಕೇಳಿದೊಡನೆ ಪಾರ್ಥಸಾರಥಿಗೆ ಮದ್ದೂರಿನ ಬಿಸಿಲಿನಲ್ಲೇ ಚಳಿ ಬಂತು.

ಪಾರ್ಥಸಾರಥಿಯನ್ನು ಜಿಪುಣ ಅಂದರೆ ತಪ್ಪಾದೀತು. ಖರ್ಚು ಮಾಡಲು ಅವನಿಗೆ ಮನಸ್ಸಿತ್ತು, ಕೈ ಮಾತ್ರ ಒಪ್ಪುತ್ತಿರಲಿಲ್ಲ! ಮದುವೆಯ ಕಾಶೀಯಾತ್ರೆಯ ಶಾಸ್ತ್ರಕ್ಕೆ ಮಾವ ಕೊಟ್ಟಿದ್ದ ಕೊಡೆಯನ್ನೇ ಇನ್ನೂ ಹಿಡಿಯುತ್ತಿದ್ದ. "ಕಾಶಿಗೆ ಅಂತ ಹೊರಟೋರು ನಮ್ಮಪ್ಪನ ಮನೆ ಬಾಗಿಲು ದಾಟಲಿಲ್ಲ. ಬದರಿ ದಾರೀಲಿ ಎಲ್ಲಿವರೆಗೆ ಹೋಗ್ತಾರೋ ನೋಡೋಣ" ಎಂದು ಕನಕ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

"ಉಣ್ಣೆ ಎಲ್ಲಿಂದ ಬರುತ್ತೆ ಹೇಳು?" ಎಂದ ಪಾರ್ಥಸಾರಥಿ.

"ಅಂಗಡಿಯಿಂದ."

"ಅಲ್ಲೇ ಎಲ್ಲರೂ ಮೋಸ ಹೋಗೋದು! ಉಣ್ಣೆ ಬರೋದು ಕುರಿಯಿಂದ. ಒಂದು ಕುರಿ ಕೊಳ್ಳೋದು. ಉಣ್ಣೆ ಕತ್ತರಿಸಿಕೊಳ್ಳೋದು. ಆಮೇಲೆ ಕುರೀನ ಕೊಂಡ ಬೆಲೆಗೇ ಮಾರಿಬಿಡೋದು. ಕಂಬಳಿ ಪುಕ್ಕಟೆ!"

"ಕುರಿ ಗುರುತು ಹಿಡಿಯೋಕೆ ಬರುತ್ತಾ ನಿಮಗೆ?"

"ಬಂಡೂರು ಕುರಿ ತರ್ತೀನಿ. ಅದನ್ನ ಮೀರಿಸೋದು ಸೀಮೇಲೇ ಇಲ್ಲ!"

ಬಂಡೂರು ಕುರಿಯ ಕೀರ್ತಿಯನ್ನು ಅವನು ಕಚೇರಿಯಲ್ಲಿ ಕೇಳಿದ್ದ. ಜವಾನ ಕರಿಯಯ್ಯ ಆ ಹೆಸರು ಎತ್ತಿದರೆ ಸಾಕು, ಕಣ್ಣು ಮುಚ್ಚಿ, "ಬೆಣ್ಣೆ ಕಣ್ ಬುದ್ಧಿ, ಬೆಣ್ಣೆ!" ಅನ್ನುತ್ತಿದ್ದ. ಪಕ್ಕದ ಮೇಜಿನ ಗುಮಾಸ್ತರೂ ನಿಟ್ಟುಸಿರು ಬಿಡುತ್ತಿದ್ದರು. ಅಷ್ಟು ಮೃದುವಾದ ಉಣ್ಣೆ ಲೋಕದಲ್ಲಿ ಇನ್ನೆಲ್ಲುಂಟು ಎಂದು, ಈರುಳ್ಳಿಯನ್ನೂ ಮುಟ್ಟದ ಪಾರ್ಥಸಾರಥಿ ಅರ್ಥ ಮಾಡಿಕೊಂಡಿದ್ದ.

ಭಾನುವಾರ ಮಳವಳ್ಳಿ ಬಸ್ಸು ಹಿಡಿದು, ಮುಂದೆ ನಡೆದು ಬಂಡೂರು ಮುಟ್ಟಿದ. ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತಾ ಕೂತಿದ್ದ ರೈತ ನಿಂಗಯ್ಯನಿಗೆ, ಹಣೆ ತುಂಬ ನಾಮ ಹಾಕಿದವರು ಕುರಿ ಕೇಳಿಕೊಂಡು ಬಂದದ್ದು ಕಂಡು ಆಶ್ಚರ್ಯ.

"ಯಾರ್ಗೆ ಬುದ್ಧಿ, ನಿಮ್ ಸಾಹೇಬ್ರಿಗಾ?"

"ನಮ್ಮ ಮನೆಗೇ."

ನಿಂಗಯ್ಯ ಅಗಿಯುವುದನ್ನು ನಿಲ್ಲಿಸಿದ. "ನಿಮ್ ಮನೇಗಾ?"

"ಹೂಂ. ಬೆಣ್ಣೆಯ ಹಾಗಿರಬೇಕು."

"ಬೆಣ್ಣೇಗೇನ್ ಬುದ್ಧಿ, ಈ ಸೊಂಟ ಇಡ್ದು ನೋಡಿ."

ಪಾರ್ಥಸಾರಥಿ ಕುರಿಯ ಸೊಂಟ ಹಿಡಿದು ನೋಡಿದ. ಸೊಂಟದಿಂದ ಉಣ್ಣೆಯ ವಿಷಯ ಏನು ತಿಳಿಯುತ್ತದೋ ಅವನಿಗೆ ತಿಳಿಯಲಿಲ್ಲ. ಆದರೂ "ಭೇಷ್!" ಅಂದ.

"ಅಮ್ಮಾವ್ರು ಒಪ್ಪವ್ರಾ?"

"ಅವಳಿಗೇ ಮೊದಲು ಕಣಯ್ಯಾ. ಮಿಕ್ಕಿದ್ದು ನನಗೆ. ಉಳಿದರೆ ನಮ್ಮ ಭಾವನ ಅತ್ತೆಗೂ ಒಂದಿಷ್ಟು ಕೊಡೋಣ ಅಂತ. ಮುದುಕಿ, ಚಳಿ ತಡೆಯೋಲ್ಲ."

"ಅಜ್ಜಮ್ಮಾರೂ ಸುರು ಮಾಡವ್ರಾ!"

"ಬದರೀನಾಥಕ್ಕೆ ಹೋಗೋದರೊಳಗೆ ಎಲ್ಲಾ ಆಗಿಬಿಡಬೇಕು."

"ದೇವ್ರ ತಾವ್ಕೆ ಓಗೋಕ್ ಮುಂಚೇನೇ!" ನಿಂಗಯ್ಯನ ಬಾಯಿಂದ ಅಡಿಕೆ ಚೂರು ಉದುರಿತು. "ಓಗ್ಲಿ, ಕುಯ್ಯೋಕೆ ಆಳು ಕಳುಸ್ಲಾ?"

"ಆಳು ಯಾತಕ್ಕೆ? ಮನೇಲಿ ಹೊಲಿಗೆ ಕತ್ತರಿ ಇದೆ. ದಿನಾ ಸ್ವಲ್ಪ ಸ್ವಲ್ಪ ನಾನೇ ಕತ್ತರಿಸಿಕೊಳ್ತೀನಿ. ಅದಕ್ಕೆ ನೋವಾಗಬಾರದು ನೋಡು."

ನಿಂಗಯ್ಯ ಎದ್ದು ನಿಂತ. ಹಗ್ಗವನ್ನು ಪಾರ್ಥಸಾರಥಿಯ ಕೈಗೆ ಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಕುರಿಗೆ ಕೈ ಮುಗಿದ.

ಬರುವಾಗ ಬಸ್ಸಿನ ಕಂಡಕ್ಟರು ಕುರಿಗೆ ಅರ್ಧ ಚೀಟಿ ಕೇಳಿದ. "ತೊಡೆ ಮೇಲೆ ಕೂತ ಮಕ್ಕಳಿಗೆ ಚೀಟಿ ಇಲ್ಲವಲ್ಲ!" ಎಂದು ವಾದಿಸಿ, ಪಾರ್ಥಸಾರಥಿ ಕುರಿಯನ್ನು ತೊಡೆಯ ಮೇಲೆ ಏರಿಸಿಕೊಂಡ. ಮದ್ದೂರು ಬರುವಷ್ಟರಲ್ಲಿ ಅದು ಅವನ ಅಂಗವಸ್ತ್ರದ ಅಂಚನ್ನು ತಿಂದು ಮುಗಿಸಿತ್ತು. ಅಂಚು ಹೋದರೇನು, ಚೀಟಿ ಉಳಿಯಿತಲ್ಲ!

"ಇದೇನಿದು?" ಬಾಗಿಲಲ್ಲಿ ನಿಂತ ಕನಕ ಕೇಳಿದಳು.

"ಕಂಬಳಿ."

"ಕಂಬಳಿ ನನ್ನ ತುಳಸಿ ತಿಂತಾ ಇದೆ, ಹಿಡೀರಿ!"

ಹಿಡಿದದ್ದಾಯಿತು. ಹಿತ್ತಲ ಕಂಬಕ್ಕೆ ಕಟ್ಟಿದ್ದಾಯಿತು. ಪಾರ್ಥಸಾರಥಿ ಕಚ್ಚೆ ಬಿಗಿದು, ಕತ್ತರಿ ಹಿಡಿದು, ಸೂರ್ಯ ಮುಳುಗುವವರೆಗೆ ಹೋರಾಡಿದ. ಕುರಿಯ ಮೈಮೇಲೆ ಇದ್ದದ್ದು ಗಿಡ್ಡನೆಯ ಒರಟು ಕೂದಲು. ಮೈತುಂಬ ಇದ್ದದ್ದು ಬೇರೆಯೇ ಸಂಪತ್ತು! ಕೊನೆಗೆ ದೊರೆತ ಉಣ್ಣೆಯನ್ನು ಕನಕ ಅಂಗೈಯಲ್ಲಿಟ್ಟು ನೋಡಿದಳು.

"ಇದರಲ್ಲಿ ನಿಮ್ಮ ಮೂಗಿಗೊಂದು ಟೋಪಿ ಆಗುತ್ತೆ. ಅದೂ ಬಿಗಿಯಾಗಿ."

ಸೋಮವಾರ ಪಾರ್ಥಸಾರಥಿ ಕಚೇರಿಗೆ ಕಾಲಿಟ್ಟರೆ ಎಲ್ಲರ ಮುಖದಲ್ಲೂ ಮದುವೆಮನೆಯ ಕಳೆ. ಬಸ್ಸಿನಲ್ಲಿ ಕಂಡವರು ಊರೆಲ್ಲ ಸಾರಿದ್ದರು. ಪಕ್ಕದ ಮೇಜಿನ ಗುಮಾಸ್ತರು ಬೆನ್ನು ತಟ್ಟಿ, "ನಾಚಿಕೋಬೇಡಿ ಪಾರ್ಥಸಾರಥಿ! ಒಂದು ತೊಡೆ ಮಾತ್ರ ನಮ್ಮ ಕಡೆ ಕಳಿಸಿ" ಅಂದರು. ಏನೂ ಅರ್ಥವಾಗದೆ ಪಾರ್ಥಸಾರಥಿ ಕರಿಯಯ್ಯನನ್ನು ಮೂಲೆಗೆ ಕರೆದ.

"ಬೆಣ್ಣೆ ಬೆಣ್ಣೆ ಅಂತಿದ್ದೆಯಲ್ಲೋ, ಅದು ಉಣ್ಣೆ ತಾನೆ?"

"ಉಣ್ಣೆನಾ?" ಕರಿಯಯ್ಯ ಬಾಯಿ ಬಿಟ್ಟ. "ಉಣ್ಣೋದು ಬುದ್ಧಿ, ಉಣ್ಣೋದು!"

ಪಾರ್ಥಸಾರಥಿ ಅಲ್ಲೇ ಗೋಡೆಗೆ ಒರಗಿದ. ಬಂಡೂರಿನಲ್ಲಿ ತಾನಾಡಿದ ಒಂದೊಂದು ಮಾತೂ ಹೊಸ ಅರ್ಥ ಹೊತ್ತು ವಾಪಸು ಬಂತು. ಹೆಂಡತಿಗೇ ಮೊದಲು! ಮುದುಕಿಗೂ ಒಂದಿಷ್ಟು! ಕತ್ತರಿಯಲ್ಲಿ! ದಿನಾ ಸ್ವಲ್ಪ ಸ್ವಲ್ಪ!

ಅಗ್ರಹಾರದಲ್ಲಿ ಪರಿಸ್ಥಿತಿ ಇನ್ನೂ ಚೆನ್ನಾಗಿತ್ತು. ದೇವಸ್ಥಾನದ ಅರ್ಚಕರು ತೀರ್ಥವನ್ನು ಅವನ ಅಂಗೈಗೆ ಮೊಳದೆತ್ತರದಿಂದ ಸುರಿದರು. ಪಕ್ಕದ ಮನೆಯ ಆಂಡಾಳಮ್ಮ ಕಾಫಿಪುಡಿ ಸಾಲ ಕೇಳಲು ಬರುವುದನ್ನೇ ಬಿಟ್ಟರು. "ನೋಡು, ಕಾಫಿಪುಡಿ ಉಳೀತು" ಎಂದು ಪಾರ್ಥಸಾರಥಿ ಸಮಾಧಾನ ಹೇಳಲು ಹೋದ. ಕನಕ ನೋಡಿದ ನೋಟಕ್ಕೆ ಹಿತ್ತಲಿಗೆ ಹೋಗಿ ಕುರಿಗೆ ಹುಲ್ಲು ಹಾಕಿದ.

ಅದೇ ವಾರ ರಾಮಾನುಜ ಮಂಡ್ಯದಿಂದ ರೈಲಿಳಿದು, ಮೆಟ್ಟು ಬಿಡುವ ಮೊದಲೇ ಕೂಗಿದ.

"ಪಾರ್ಥಸಾರಥೀ! ಮಂಡ್ಯ ಸ್ಟೇಷನ್ನಿನಲ್ಲಿ ಯಾರೋ ಗುರುತಿಲ್ಲದೋನು ಕೇಳ್ತಾನಯ್ಯಾ, 'ಕತ್ತರೀಲಿ ಕುಯ್ಯೋರು ನಿಮ್ ನೆಂಟ್ರಂತಲ್ಲಾ' ಅಂತ! ನಮ್ಮ ಅತ್ತೆ ನೀನಿರೋ ರೈಲುಡಬ್ಬಿಗೇ ಹತ್ತೋಲ್ಲ ಅಂತಾರೆ."

"ಭಾವಾ, ಅದು ಉಣ್ಣೆಗೆ ಅಂತ..."

"ಯಾತಕ್ಕಾದರೂ ಆಗಲಿ. ಆ ಕುರಿ ಈ ಮನೆಯಿಂದ ಹೋಗಬೇಕು. ಇಲ್ಲಾ ನೀನು ಯಾತ್ರೆಗಿಲ್ಲ. ಅಷ್ಟೆ!"

ಮಾರುವುದೇನು ಕಷ್ಟ? ಯುಗಾದಿ ಹತ್ತಿರ ಬಂದಿತ್ತು. ಬಂಡೂರು ಕುರಿ ಅಂದರೆ ಜನ ಬಾಗಿಲಿಗೇ ಬಂದರು. ಕಷ್ಟ ಎದುರಾದದ್ದು ಒಳಗಿನಿಂದ. ಮೊದಲ ದಿನ ತುಳಸಿ ತಿಂದಿತೆಂದು ಪೊರಕೆ ಎತ್ತಿದ್ದ ಕನಕ ಈಗ ಕುರಿಗೆ 'ಕುಟ್ಟಿ' ಎಂದು ಹೆಸರಿಟ್ಟಿದ್ದಳು. ತರಕಾರಿ ಹೆಚ್ಚಿದ ಸಿಪ್ಪೆಯೆಲ್ಲ ಕುಟ್ಟಿಗೆ. ಬೆಳಿಗ್ಗೆ ಅವಳು ದೇವರ ಮುಂದೆ ಪಾಶುರ ಹೇಳಿಕೊಳ್ಳುವಾಗ ಕುಟ್ಟಿ ಹೊಸಲಾಚೆ ನಿಂತು ತಲೆದೂಗುತ್ತಿತ್ತು. "ನೀವು ಒಂದು ದಿನವಾದರೂ ಹೀಗೆ ಕೇಳಿದ್ದುಂಟಾ?" ಎಂದು ಗಂಡನಿಗೆ ಚುಚ್ಚುತ್ತಿದ್ದಳು.

ಬಂದ ಗಿರಾಕಿ ಕುಟ್ಟಿಯ ಸೊಂಟ ಹಿಡಿಯುವಾಗ ಕನಕ ಬಾಗಿಲ ಸಂದಿಯಿಂದ ಕೇಳಿದಳು: "ಸಾಕೋಕೆ ತಾನೇನಪ್ಪಾ?"

"ಸಾಕೋಕಾ!" ಅವನು ನಕ್ಕ. "ಒಸ್ತೊಡ್ಕಿಗೆ ಕಣವ್ವಾ! ಅಬ್ಬದ ಮಾರ್ನೇ ದಿನ ಬಾಡೂಟ ಇಲ್ದೆ ನಡದದಾ?"

ಬಾಗಿಲು ಧಡಾರನೆ ಮುಚ್ಚಿತು. ಆಮೇಲೆ ಬಂದವರಿಗೆಲ್ಲ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಧಡಾರ್.

"ಬದರಿ ಬೇಕೋ ಕುಟ್ಟಿ ಬೇಕೋ, ಒಂದು ಹೇಳು" ಅಂದ ಪಾರ್ಥಸಾರಥಿ, ಸೋತು. ಕನಕ ಹಿತ್ತಲಿಗೆ ನಡೆದಳು. ಕುಟ್ಟಿಯ ಹಗ್ಗ ಬಿಚ್ಚಿ ಅವನ ಕೈಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನಿಂಗಯ್ಯನಿಗೇ ವಾಪಸು ಕೊಟ್ಟರೆ ಮಂದೆಯಲ್ಲಿ ಹಾಯಾಗಿ ಮೇಯ್ದುಕೊಂಡಿರುತ್ತದೆ ಎಂದು ಲೆಕ್ಕ ಹಾಕಿ ಪಾರ್ಥಸಾರಥಿ ಮತ್ತೆ ಬಂಡೂರಿಗೆ ಹೋದ.

ನಿಂಗಯ್ಯ ಮುಖವರಳಿಸಿ ಹಗ್ಗಕ್ಕೆ ಕೈ ಹಾಕಿದ. "ಒಳ್ಳೆ ಟೇಮ್ಗೆ ತಂದ್ರಿ ಬುದ್ಧಿ. ನಮ್ ಮಗಳ ಬೀಗ್ರೂಟ ಐತೆ. ಕುಯ್ಯೋಕೆ ಇನ್ನೊಂದು ಉಡುಕೋದು ತಪ್ತು. ಬುಡಿ."

"ಬಿಟ್ಟೆ" ಅಂದ ಪಾರ್ಥಸಾರಥಿ.

"ಬುಟ್ಟಿಲ್ಲ ನೀವು."

ನೋಡಿದರೆ ನಿಜ. ಕೈ ಹಗ್ಗವನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಿತ್ತು. ಹಣ ಬಿಡದ ಕೈ, ಹಗ್ಗ ಬಿಟ್ಟೀತೆ? ಕುಟ್ಟಿ ಇದ್ಯಾವುದನ್ನೂ ಲೆಕ್ಕಿಸದೆ ಅವನ ಪಂಚೆಯ ತುದಿಯನ್ನು ಶಾಂತವಾಗಿ ಅಗಿಯುತ್ತಿತ್ತು.

ವಾಪಸು ಬರುವಾಗ ಕಂಡಕ್ಟರು ಬಾಯಿ ತೆರೆಯುವ ಮೊದಲೇ ಪಾರ್ಥಸಾರಥಿ ಅರ್ಧ ಚೀಟಿಯ ದುಡ್ಡು ಕೊಟ್ಟ.

ಕನಕ ಬಾಗಿಲು ತೆಗೆದಳು. ಕಣ್ಣು ಊದಿಕೊಂಡಿತ್ತು. ಗಂಡನನ್ನು ನೋಡಿದಳು, ಅವನ ಹಿಂದೆ ಕುಟ್ಟಿಯನ್ನು ನೋಡಿದಳು.

"ನಿಂಗಯ್ಯನ ಮನೇಲಿ ಬೀಗ..." ಎಂದು ತೊದಲಿದ ಪಾರ್ಥಸಾರಥಿ.

"ಬೀಗ ಹಾಕಿತ್ತಾ?"

"ಬೀಗ... ಬೀಗರು."

ಕನಕಳಿಗೆ ಅರ್ಥವಾಯಿತು. ನಗು, ಅಳು ಎರಡೂ ಒಟ್ಟಿಗೇ ಬಂದು, ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಒಳಗೆ ಹೋಗಿ ಕಾಫಿ ಮಾಡಿದಳು. ಕೇಳದೇ ಸಿಕ್ಕ ಎರಡನೆಯ ಲೋಟ ಕಾಫಿ ಅವನ ಸಂಸಾರದಲ್ಲಿ ಅದೇ ಮೊದಲು.

ಲೋಟ ಕೆಳಗಿಟ್ಟು ಪಾರ್ಥಸಾರಥಿ ಹೇಳಿದ: "ನೀನು ಹೋಗಿ ಬಾ. ನಾನು ಇದನ್ನ ನೋಡಿಕೊಂಡಿರ್ತೀನಿ."

"ನೀವಿಲ್ಲದೆ ನಾನೊಬ್ಬಳೇ ಹೇಗ್ರೀ ಹೋಗಲಿ?"

"ನಿಮ್ಮಣ್ಣ, ಅತ್ತಿಗೆ ಇದಾರೆ. ನನ್ನ ಖರ್ಚು ಪೂರ್ತಿ ಉಳೀತು. ಇದಕ್ಕಿಂತ ಅಗ್ಗದ ಯಾತ್ರೆ ಭೂಲೋಕದಲ್ಲಿ ಯಾರಾದರೂ ಮಾಡಿದಾರಾ ಹೇಳು!"

ಮಾತು ಜೋರಾಗಿಯೇ ಬಂತು, ಕಣ್ಣು ಮಾತ್ರ ಹಿತ್ತಲ ಕಡೆ ತಿರುಗಿತ್ತು. ಮರುವಾರ ಬೆಂಗಳೂರಿಗೆ ಹೋಗಿ, ತನ್ನ ರೈಲುಚೀಟಿಗೆಂದು ಇಟ್ಟಿದ್ದ ಹಣದಲ್ಲಿ ಕಂಬಳಿ, ಕೋಟು, ಟೋಪಿ ಮೂರನ್ನೂ ತಂದ. ಚೌಕಾಶಿ ಮಾಡಲಿಲ್ಲ. ಅಂಗಡಿಯವನೇ ಅನುಮಾನಪಟ್ಟು ರೂಪಾಯಿಗಳು ಖೋಟಾ ಏನೋ ಎಂದು ಕಲ್ಲಿನ ಮೇಲೆ ಬಡಿದು ನೋಡಿದನಂತೆ!

ಹೊರಡುವ ದಿನ ಮದ್ದೂರು ಸ್ಟೇಷನ್ನಿನ ಸುಡುಬಿಸಿಲಿನಲ್ಲಿ ಕನಕ ಉಣ್ಣೆ ಕೋಟು ತೊಟ್ಟು ಬೆವರುತ್ತಾ ನಿಂತಿದ್ದಳು. "ಹಾಕಿಕೊಂಡು ತೋರಿಸು, ಕಣ್ತುಂಬ ನೋಡ್ತೀನಿ" ಅಂದಿದ್ದ ಅವನು. ರೈಲು ಕದಲಿತು. "ಕುಟ್ಟೀನ ಬಿಸಿಲಿಗೆ ಕಟ್ಟಬೇಡಿ!" ಎಂದು ಕಿಟಕಿಯಿಂದ ಕೂಗಿದಳು. ಸ್ವಲ್ಪ ಮುಂದೆ ಹೋದ ಮೇಲೆ, "ನೀವೂ ಬಿಸಿಲಲ್ಲಿ ಓಡಾಡಬೇಡಿ!" ಎಂದು ಇನ್ನೊಂದು ಕೂಗು ಕೇಳಿಸಿತು.

ಆಷಾಢದಲ್ಲಿ ಕನಕ ಹಿಂದಿರುಗಿದಾಗ ಕುಟ್ಟಿ ದುಂಡಗಾಗಿತ್ತು, ಗಂಡ ಬಡಕಲಾಗಿದ್ದ. ಗಂಗೆಯ ತಂಬಿಗೆ, ಬದರಿಯ ತುಳಸಿ ಅವನ ಕೈಗಿಟ್ಟು, ಬೆಳ್ಳಗೆ ಹೊಳೆಯುವ ಬೆಟ್ಟಗಳನ್ನೂ, ಮಂಜಿನ ನಡುವೆ ಹೊಗೆಯಾಡುವ ಬಿಸಿನೀರ ಕುಂಡವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದಳು. ಪಾರ್ಥಸಾರಥಿ ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಕೇಳಿದ. ಎಲ್ಲ ಮುಗಿದ ಮೇಲೆ ಎದೆಯುಬ್ಬಿಸಿ ಅಂದ:

"ಅಂತೂ ಕಾಸು ಖರ್ಚಿಲ್ಲದೆ, ಕಾಲು ನೋಯಿಸದೆ, ಕೂತಲ್ಲೇ ನನಗೂ ಅರ್ಧ ಪುಣ್ಯ ಬಂತು ಬಿಡು!"

"ಅದು ಹೇಗೆ?"

"ಗಂಡ ಹೆಂಡತಿ ಅಂದ ಮೇಲೆ ಪುಣ್ಯದಲ್ಲಿ ಅರ್ಧರ್ಧ ಅಲ್ವೇ?"

"ಶಾಸ್ತ್ರ ನೆಟ್ಟಗೆ ಹೇಳಿ. ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ. ಹೆಂಡತಿ ಪುಣ್ಯದಲ್ಲಿ ಗಂಡನಿಗೆ ಚೂರೂ ಇಲ್ಲ. ದಾರೀಲಿ ಅಣ್ಣನೇ ಹೇಳಿದ."

ಪಾರ್ಥಸಾರಥಿಯ ಮುಖ ಇಳಿಯಿತು. "ಹಾಗಾದರೆ ನನಗೆ?"

"ನಿಮಗೇನು ಕಮ್ಮಿ? ಒಂದು ಮೂಕಜೀವ ಉಳಿಸಿದ್ದೀರಿ. ಅದು ಬದರಿಯಾತ್ರೆಗಿಂತ ದೊಡ್ಡ ಪುಣ್ಯ."

"ನಿಜವಾಗಲೂ?" ಅವನ ಮುಖ ಮತ್ತೆ ಅರಳಿತು. "ಸದ್ಯ, ಅದಾದರೂ ನನ್ನದು!"

"ಅದರಲ್ಲೂ ಅರ್ಧ ನಂದೇ" ಅಂದಳು ಕನಕ.